ಡಾಂಗ್ ಗ್ವೇ ಬೇರು, ಚಿಕ್ಕ ಬಾಣಂತನ

“ನಾಲಿಗೆ ಹೊರಗೆ ಚಾಚು” ಅಂದರು ಪಕ್ಕದ ಮನೆಯ ಮುದುಕಿ.

ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಆಸ್ಪತ್ರೆಯಿಂದ ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದೆ. ಸಿಂಗಪುರದ ಪುಂಗೋಲಿನ ಆ ಫ್ಲ್ಯಾಟಿಗೆ ಬಂದ ಮೇಲೆ ಆಕೆಯನ್ನು ಲಿಫ್ಟಿನಲ್ಲಿ ಎಷ್ಟೋ ಸಲ ನೋಡಿದ್ದೆನಾದರೂ ತಲೆಯಾಡಿಸುವುದು ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಈಗ ಪೀಠಿಕೆಯೇ ಇಲ್ಲದೆ ನಾಲಿಗೆ ತೋರಿಸು ಅನ್ನುತ್ತಿದ್ದರು. ಏನು ತೋಚಿತೋ, ಸಣ್ಣ ಹುಡುಗಿಯ ಹಾಗೆ ಚಾಚಿದೆ. ಆಕೆ ಹತ್ತಿರ ಬಂದು ನೋಡಿದರು, ನನ್ನ ಬೆರಳಿನ ತುದಿಗಳನ್ನು ಮುಟ್ಟಿದರು. “ಕೋಲ್ಡ್. ಬ್ಲಡ್ ನಾಟ್ ಇನಫ್” ಅಂದರು. ಆಮೇಲೆ ನೆಲದ ಮೇಲಿಟ್ಟಿದ್ದ ಉಕ್ಕಿನ ಡಬ್ಬಿಯನ್ನು ಎತ್ತಿ ನನ್ನ ಕೈಗಿತ್ತು, “ಬೇಬಿ ಗೋ ಆಲ್ರೆಡಿ. ಯೂ ಮಸ್ಟ್ ರೆಸ್ಟ್. ಸ್ಮಾಲ್ ಮಂಥ್” ಅಂದರು.

ಕೂಸು ಹೋಯಿತು ಎಂಬ ಮಾತನ್ನು ಅಲ್ಲಿಯವರೆಗೆ ನನ್ನೆದುರಿಗೆ ಯಾರೂ ಆಡಿರಲಿಲ್ಲ. ಡಾಕ್ಟರು ಇಂಗ್ಲಿಷಿನ ಉದ್ದನೆಯ ಪದವೊಂದನ್ನು ಹೇಳಿದ್ದರು. ನನ್ನ ಗಂಡ ವೀರೇಶ “ಆಗಿದ್ದು ಆಗ್ಯದ, ಈಗ ಮಲಕೊ” ಅಂದಿದ್ದರು. ಬೈಲಹೊಂಗಲದಿಂದ ಅವ್ವ ಫೋನಿನಲ್ಲಿ ಸಾಕಷ್ಟು ಹೊತ್ತು ಅತ್ತು, ಕೊನೆಗೆ “ಯಾರ ಮುಂದೂ ಹೇಳಬ್ಯಾಡವಾ” ಎಂದು ಇಟ್ಟಿದ್ದಳು. ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದ ಈ ಹೆಂಗಸು ಬಾಗಿಲಲ್ಲಿ ನಿಂತು ಅದನ್ನು ಅಷ್ಟು ಸಾದಾ ಆಗಿ ಹೇಳಿದಾಗ ನಾನು ಡಬ್ಬಿಯನ್ನು ಅಪ್ಪಿಕೊಂಡು ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟೆ. ಆಕೆ ಎಬ್ಬಿಸಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ತಾವೂ ತಮ್ಮ ಹೊಸ್ತಿಲಿನಲ್ಲಿ ಕೂತರು.

ಅವರಿಗೆ ಹೇಗೆ ಗೊತ್ತಾಯಿತು ಎಂದರೆ, ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆ ವೀರೇಶ ನನ್ನನ್ನು ಟ್ಯಾಕ್ಸಿಗೆಂದು ಕೆಳಗೆ ಇಳಿಸಿಕೊಂಡು ಹೋಗುವಾಗ ಲಿಫ್ಟಿನಲ್ಲಿ ಅವರಿದ್ದರು. ರಕ್ತವಾಗಿದ್ದ ನನ್ನ ಚೂಡಿದಾರ ನೋಡಿದ್ದರು. ತಮ್ಮ ತರಕಾರಿ ಗಾಡಿಯನ್ನು ಮೂಲೆಗೆ ಎಳೆದುಕೊಂಡು, ನಾವು ಹೊರಬೀಳುವವರೆಗೆ ಬಾಗಿಲಿನ ಗುಂಡಿ ಒತ್ತಿ ಹಿಡಿದಿದ್ದರು.

ನಾವು ಸಿಂಗಪುರಕ್ಕೆ ಬಂದು ಆಗ ವರ್ಷ ದಾಟಿತ್ತು. ಇಬ್ಬರಿಗೂ ಪಾಯಾ ಲೆಬಾರ್‌ನಲ್ಲಿ ಕೆಲಸ, ಬೇರೆ ಬೇರೆ ಆಫೀಸು. ಬಂದ ಹೊಸದರಲ್ಲಿ ನನಗೆ ಈ ಊರಿನ ಮೌನ ಹಿಡಿಸಿತ್ತು ಎನ್ನುವುದನ್ನು ಮುಚ್ಚಿಡಲಾರೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಒಂದು ಮನೆಯ ಒಗ್ಗರಣೆ ವಾಸನೆ ಇನ್ನೊಂದು ಮನೆಯ ಚರ್ಚೆ. ಮದುವೆಯಾಗಿ ನಾಲ್ಕು ತಿಂಗಳಾದ ಮೇಲೆ ನೀರಿಗೆ ಬಂದವರೆಲ್ಲ ನನ್ನ ಹೊಟ್ಟೆ ನೋಡಿಯೇ ಮಾತಾಡಿಸುತ್ತಿದ್ದರು. ಇಲ್ಲಿ ಮುಗಿಲಿಗೆ ಮುಟ್ಟಿದ ಒಂದೇ ಕಟ್ಟಡದಲ್ಲಿ ನಮ್ಮ ಅರ್ಧ ಊರು ಇರುತ್ತದೆ, ಒಬ್ಬರೂ ಏನೂ ಕೇಳುವುದಿಲ್ಲ. ಕೆಳಗೆ ಗೋಡೆಗಳಿಲ್ಲದ ತೆರೆದ ಅಂಗಳ, ವಾಯ್ಡ್ ಡೆಕ್ ಅನ್ನುತ್ತಾರೆ. ಅಲ್ಲಿ ಮದುವೆಯೂ ನಡೆಯುತ್ತದೆ, ಶವವನ್ನೂ ಇಡುತ್ತಾರೆ, ಪಕ್ಕದಲ್ಲೇ ಜನ ಎಲ್‌ಆರ್‌ಟಿ ರೈಲು ಹಿಡಿಯಲು ಓಡುತ್ತಿರುತ್ತಾರೆ. ನೋವು ಬಂದಾಗ ಗೊತ್ತಾಯಿತು, ಕೇಳದಿರುವವರ ನಡುವೆ ಹೇಳುವುದಕ್ಕೂ ಬರುವುದಿಲ್ಲ ಎಂದು.

ಆಕೆಯ ಹೆಸರು ಲಿಮ್ ಆಂಟಿ. ಒಂದು ಕಾಲಕ್ಕೆ ಮಾರುಕಟ್ಟೆಯಲ್ಲಿ ಮೀನಿನ ಅಂಗಡಿ ನಡೆಸಿದವರು. ಗಂಡ ಇಲ್ಲ. ಮಗಳು ಹ್ವೇ ಲಿಂಗ್ ಶಾಲೆಯಲ್ಲಿ ಟೀಚರು, ತಾಯಿಯ ಜೊತೆಯಲ್ಲೇ ಇರುತ್ತಾಳೆ. ಆಂಟಿಯ ಇಂಗ್ಲಿಷು ಅಷ್ಟಕ್ಕಷ್ಟೆ, ನನಗೆ ಅವರ ಹೊಕ್ಕಿಯೆನ್ ಎಂಬ ಚೀನೀ ಮಾತು ಒಂದಕ್ಷರ ಬಾರದು. ಹಾಗಾಗಿ ‘ಸ್ಮಾಲ್ ಮಂಥ್’ ಅಂದರೇನು ಎಂದು ಬಿಡಿಸಿ ಹೇಳಿದ್ದು ಹ್ವೇ ಲಿಂಗ್.

ಹೆತ್ತ ಹೆಂಗಸಿಗೆ ಇವರಲ್ಲೂ ಒಂದು ತಿಂಗಳ ಬಾಣಂತನವಿದೆ. ತಣ್ಣೀರು ಮುಟ್ಟಬಾರದು, ಗಾಳಿಗೆ ಕೂರಬಾರದು, ಶುಂಠಿ ಮತ್ತು ಎಳ್ಳೆಣ್ಣೆಯ ಅಡುಗೆ. ಕೇಳುತ್ತ ಹೋದಂತೆ ನಮ್ಮಕ್ಕನ ಬಾಣಂತಿ ಕೋಣೆಯೇ ಕಣ್ಣಮುಂದೆ ಬಂತು: ತಲೆಗೆ ಕಟ್ಟಿದ ಬಟ್ಟೆ, ಹೊರಸಿನ ಕೆಳಗಿನ ಕೆಂಡ, ಅವ್ವ ಕುಟ್ಟಿದ ಖಾರ, ಅಂಟಿನುಂಡಿ, ಅಳ್ವಿ ಪಾಯಸ. ಎರಡು ಊರಿನ ಮುದುಕಿಯರು ಎಲ್ಲೋ ಕೂತು ಮಾತಾಡಿಕೊಂಡೇ ಮಾಡಿದ್ದಾರೋ ಏನೋ ಅನ್ನಿಸಿತು. ಆದರೆ ಒಂದು ಬೇರೆಯಿತ್ತು. ಕೂಸು ನಿಲ್ಲದೆ ಹೋದವಳಿಗೂ ಇವರಲ್ಲಿ ಬಾಣಂತನವಿದೆ. ಅದಕ್ಕೆ ಹೆಸರಿದೆ: ಶ್ಯಾವ್ ಯುಯೆ ಜು. ಚಿಕ್ಕ ತಿಂಗಳು. ನಮ್ಮಲ್ಲಿ ಅಂಥವಳಿಗೆ ಇರುವುದು ಒಂದೇ, ಬಾಯಿ ಮುಚ್ಚಿಕೊಂಡಿರುವುದು.

ಮೊದಲ ದಿನದ ಡಬ್ಬಿಯಲ್ಲಿ ಕೋಳಿ ಸಾರಿತ್ತು. ನಾವು ಲಿಂಗಾಯತರು, ಮೊಟ್ಟೆ ಕೂಡ ಮುಟ್ಟದ ಮನೆ. ಹೇಗೆ ಹೇಳುವುದೆಂದು ಒದ್ದಾಡಿ ಕೊನೆಗೆ ಹೇಳಿದೆ. ಆಂಟಿ ಬೇಸರ ಮಾಡಿಕೊಳ್ಳಲಿಲ್ಲ. “ಓ, ಚ್ಯಾ ಚಾಯ್” ಅಂದರು. ತರಕಾರಿ ತಿನ್ನುವವಳು ಎಂದು. ಹುಣ್ಣಿಮೆ ಅಮಾವಾಸ್ಯೆಯ ಹೊತ್ತಿಗೆ ಅವರೂ ಹಾಗೇ ತಿನ್ನುವವರಂತೆ.

“ಬೆಳ್ಳುಳ್ಳಿ?” ಎಂದು ಕೇಳಿದರು.

“ತಿಂತೀವಿ ಆಂಟಿ.”

“ಬೆಳ್ಳುಳ್ಳಿ ತಿಂತೀಯ, ಮೊಟ್ಟೆ ಇಲ್ಲ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರ ವ್ರತದಲ್ಲಿ ಬೆಳ್ಳುಳ್ಳಿ ನಿಷಿದ್ಧ. ಇದು ಎಂಥ ದೇವರ ಲೆಕ್ಕ ಎಂಬಂತೆ ನನ್ನನ್ನು ನೋಡಿದರು. ಮರುದಿನದಿಂದ ಕಪ್ಪು ಅವರೆಯಂಥ ಕಾಳು, ಒಣಗಿದ ಕೆಂಪು ಖರ್ಜೂರ, ಶುಂಠಿ ಹಾಕಿದ ಸಾರು ಬರತೊಡಗಿತು.

ಡಾಂಗ್ ಗ್ವೇ ಎಂಬ ಬೇರು ಬಂದದ್ದು ಆಮೇಲೆ. ರಕ್ತ ನಿಲ್ಲುವವರೆಗೆ ಅದನ್ನು ಕೊಡಬಾರದು ಎಂದು ಆಂಟಿ ಕಾದರು. ಆಸ್ಪತ್ರೆಯಲ್ಲಿ ಮರುಪರೀಕ್ಷೆಯಾಗಿ ಎಲ್ಲ ಸರಿಯಿದೆ ಎಂದ ಮೇಲೆ ನನ್ನನ್ನು ‘ಮೆಡಿಕಲ್ ಹಾಲ್’ಗೆ ಕರೆದುಕೊಂಡು ಹೋದರು. ಹೆಸರು ಕೇಳಿ ದವಾಖಾನೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ನಮ್ಮೂರಿನ ಗ್ರಂಥಿಗೆ ಅಂಗಡಿಯ ದೊಡ್ಡಣ್ಣ. ಗೋಡೆ ತುಂಬ ಮರದ ಸಣ್ಣ ಸಣ್ಣ ಡ್ರಾಯರುಗಳು, ಗಾಜಿನ ಭರಣಿಗಳಲ್ಲಿ ಬೇರು, ತೊಗಟೆ, ಒಣಗಿದ ಹೂವು. ಒಳಗಿನ ಮೇಜಿನಲ್ಲಿ ಕೂತಿದ್ದ ವೈದ್ಯೆ ನನ್ನ ಎರಡೂ ಕೈಗಳ ನಾಡಿ ಹಿಡಿದರು. ತಟ್ಟೆಯ ಮೇಲೆ ಕೆಲವು ಹೋಳುಗಳನ್ನಿಟ್ಟು ತೋರಿಸಿದರು. ತೆಳ್ಳಗೆ, ಹಾಲುಗೆನೆಯ ಬಣ್ಣ, ಅಂಚಿನಲ್ಲಿ ಕಂದು; ಬಡಗಿ ಮರಕ್ಕೆ ಹತ್ತರಿ ಹೊಡೆದಾಗ ಉದುರುವ ಚಕ್ಕೆಯ ಹಾಗೆ. ಮೂಸಿದೆ. ಸಿಹಿ, ಕಹಿ, ಮಣ್ಣು, ಓಂಕಾಳು ಎಲ್ಲ ಒಟ್ಟಿಗೆ. ಅದರೊಳಗೆಲ್ಲೋ ಬಜೆ ಬೇರಿನ ನೆನಪು. ಕೂಸಿನ ನಾಲಿಗೆಗೆ ತೇಯ್ದು ಹಚ್ಚುವ ಬಜೆ. ಮುಖ ತಿರುಗಿಸಿಕೊಂಡೆ.

ವೈದ್ಯೆ ಇಂಗ್ಲಿಷಿನಲ್ಲಿ ತಾಳ್ಮೆಯಿಂದ ವಿವರಿಸಿದರು. ಹೆಂಗಸರ ರಕ್ತ ತುಂಬುವುದಕ್ಕೆ ಇದಕ್ಕಿಂತ ಹೆಚ್ಚು ಬಳಕೆಯ ಬೇರು ಅವರಲ್ಲಿಲ್ಲ. ಮುಖ ಬಿಳಿಚಿದ್ದರೆ, ಕೈಕಾಲು ತಣ್ಣಗಿದ್ದರೆ, ಮುಟ್ಟು ಏರುಪೇರಾದರೆ, ಹೆರಿಗೆಯಾದ ಮೇಲೆ, ಮುದುಕರಿಗೆ ಮಲಬದ್ಧತೆಯಾದರೂ ಕೂಡ. ಬೇರಿನ ತಲೆ ರಕ್ತವನ್ನು ಹಿಡಿಯುತ್ತದೆ, ನಡು ರಕ್ತವನ್ನು ತುಂಬುತ್ತದೆ, ಬಾಲ ರಕ್ತವನ್ನು ಓಡಿಸುತ್ತದೆ ಎಂದು ಹಳೆಯ ಕಾಲದವರ ನಂಬಿಕೆ. ಜ್ವರವಿದ್ದಾಗ ಬೇಡ, ಮುಟ್ಟು ಹೆಚ್ಚು ಹೋಗುವಾಗ ಬೇಡ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬೇಡ. ಬಸಿರಿನಲ್ಲಂತೂ ಕೇಳದೆ ಮುಟ್ಟಲೇಬೇಡ. “ಮುಟ್ಟು ಮುಗಿದ ಮೇಲೆ, ಸ್ವಲ್ಪ ದಿನ, ಅಷ್ಟೇ” ಎಂದರು.

ಆ ಹೆಸರಿಗೆ ‘ಮರಳಬೇಕು’ ಎಂಬ ಅರ್ಥವಿದೆ ಎಂದು ಜೊತೆಗೆ ಬಂದಿದ್ದ ಹ್ವೇ ಲಿಂಗ್ ಮನೆಗೆ ಮರಳುವಾಗ ಹೇಳಿದಳು. ದಾರಿ ತಪ್ಪಿದ ರಕ್ತ ತನ್ನ ಜಾಗಕ್ಕೆ ಮರಳಬೇಕು ಎಂದು ಕೆಲವರು ಅರ್ಥ ಮಾಡುತ್ತಾರಂತೆ.

ಹೀಗೆ ಅದು ನನ್ನ ಮನೆಯ ಪದ್ಧತಿಯಾಯಿತು. ಪ್ರತಿ ತಿಂಗಳು ಆಂಟಿ ಕಾರಿಡಾರಿನಲ್ಲಿ ಸಿಕ್ಕಾಗ ತಗ್ಗಿದ ದನಿಯಲ್ಲಿ “ಗರ್ಲ್ ಆ, ಫಿನಿಶ್ ಆಲ್ರೆಡಿ?” ಎಂದು ಕೇಳುವರು. ನಾನು ಹೂಂ ಅಂದ ಮರುದಿನ ಸಾರು ಬರುವುದು. ಮೊದಮೊದಲು ಮೂಗು ಹಿಡಿದು ಕುಡಿದೆ. ಆಮೇಲೆ ಆ ಕಹಿಗೇ ಕಾಯತೊಡಗಿದೆ. ನಿಜವಾಗಿ ಕೈ ಬೆಚ್ಚಗಾದವೋ, ಯಾರೋ ಒಬ್ಬರು ನನಗಾಗಿ ಒಲೆಯ ಮುಂದೆ ನಿಂತಿದ್ದಾರೆ ಎಂಬುದರಿಂದ ಹಾಗನ್ನಿಸಿತೋ, ಹೇಳಲಾರೆ. ನಾನು ಬದಲಿಗೆ ಶೇಂಗಾ ಹೋಳಿಗೆ ಕೊಟ್ಟೆ, ಜೋಳದ ರೊಟ್ಟಿ ಬಡಿದು ತೋರಿಸಿದೆ. ರೊಟ್ಟಿಯ ಸಪ್ಪಳಕ್ಕೆ ಕೆಳಗಿನ ಮನೆಯವರು ದೂರು ಕೊಟ್ಟಾರು ಎಂದು ಆಂಟಿ ಹೆದರಿದರು. ಆ ವರ್ಷ ನಾನು ಈ ಊರಿನವಳಾದೆ ಅನ್ನಿಸಿತ್ತು.

ಮುಂದಿನ ಮಳೆಗಾಲದಲ್ಲಿ ನನಗೆ ಮುಟ್ಟು ಬಂದಂತೆ ಬಂತು. ಕಡಿಮೆಯಿತ್ತು, ಬೇಗ ಮುಗಿಯಿತು. ಆಂಟಿ ಕೇಳಿದರು, ಮುಗಿಯಿತು ಅಂದೆ. ಸಾರು ಬಂತು, ಕುಡಿದೆ. ಕೆಲವು ವಾರ ಕಳೆದ ಮೇಲೆ ವಾಕರಿಕೆ ಶುರುವಾದಾಗ ಪರೀಕ್ಷೆ ಮಾಡಿಕೊಂಡೆ. ಬಸಿರು. ಡಾಕ್ಟರು ದಿನ ಲೆಕ್ಕ ಹಾಕಿ, ನೀವು ಮುಟ್ಟು ಅಂದುಕೊಂಡದ್ದು ಮುಟ್ಟಲ್ಲ, ಬಸಿರು ಕೂರುವಾಗ ಕೆಲವರಿಗೆ ಹಾಗೆ ಸ್ವಲ್ಪ ಕಾಣಿಸಿಕೊಳ್ಳುತ್ತದೆ ಎಂದರು.

ಓಡಿ ಬಂದು ಮೊದಲು ಹೇಳಿದ್ದು ಆಂಟಿಗೆ. ಅವರ ಮುಖ ಅರಳಿತು. ಎಷ್ಟು ತಿಂಗಳು ಎಂದು ಕೇಳಿದರು. ಹೇಳಿದೆ. ಅರಳಿದ ಮುಖ ಹಾಗೇ ನಿಂತಿತು. ಬೆರಳಿನ ಗೆಣ್ಣುಗಳ ಮೇಲೆ ಏನೋ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. “ಯೂ ರೆಸ್ಟ್” ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಏನು ಎಣಿಸಿದರೆಂದು ನನಗೆ ಹೊಳೆದದ್ದು ನನ್ನ ಅಡುಗೆಮನೆಗೆ ಬಂದು ಮೆಡಿಕಲ್ ಹಾಲಿನಿಂದ ತಂದಿಟ್ಟಿದ್ದ ಬೇರಿನ ಪೊಟ್ಟಣ ನೋಡಿದಾಗ.

ಆ ಕೂಸೂ ನಿಲ್ಲಲಿಲ್ಲ. ಮೂರನೆಯ ತಿಂಗಳು ತುಂಬುವ ಮೊದಲೇ ಹೋಯಿತು. ಈ ಸಲ ಲಿಫ್ಟಿನಲ್ಲಿ ಯಾರೂ ಇರಲಿಲ್ಲ.

ಡಾಕ್ಟರಿಗೆ ಬೇರಿನ ವಿಷಯ ಹೇಳಿದೆ. ಅವರು ಸುಮ್ಮನೆ ಗದರಿಸುವವರಲ್ಲ. “ಇಂಥವು ಹೆಚ್ಚಿನ ಪಾಲು ಬೀಜದಲ್ಲೇ ಆದ ದೋಷದಿಂದ ಹೋಗುತ್ತವೆ. ಆ ಸಾರಿನಿಂದ ಆಯಿತು ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಆಗಲೇ ಇಲ್ಲ ಎಂದು ಆಣೆ ಮಾಡಿ ಹೇಳಲೂ ಬರುವುದಿಲ್ಲ. ಇನ್ನು ಮುಂದೆ ಕೇಳದೆ ಏನೂ ಬೇಡ” ಎಂದರು. ಒಳ್ಳೆಯ ಡಾಕ್ಟರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು. ಆ ಗೊತ್ತಿಲ್ಲವನ್ನು ಎತ್ತಿಕೊಂಡು ಮನೆಗೆ ಬಂದೆವು.

ವೀರೇಶ ನೇರ ಅಡುಗೆಮನೆಗೆ ಹೋದರು. ಪೊಟ್ಟಣ ಎತ್ತಿಕೊಂಡು ಬಂದರು.

“ನಾ ಮೊದಲಽ ಹೇಳಿದ್ನಿಲ್ಲೋ. ಗುರ್ತಿಲ್ಲ ಪರಿಚಯಿಲ್ಲ, ಕೊಟ್ಟ ನಾರು ಬೇರು ಕುಡಿತಾರೇನ ಯಾರರ?”

“ಆಕಿ ಕೆಟ್ಟ ಮಾಡಬೇಕಂತ ಕೊಟ್ಟಿಲ್ರಿ.”

“ಕೊಟ್ಟಾಳಂತ ನಾ ಅಂದ್ನೇನು?” ಎಂದರು. ಕಣ್ಣು ಕೆಂಪಾಗಿದ್ದವು. “ಮತ್ತ ಯಾರನ್ನ ಅನ್ಲಿ ನಾನು? ಯಾರರೆ ಒಬ್ಬರು ಬೇಕಲ್ಲ.”

ಕಾರಿಡಾರಿನ ಕಸದ ಕಿಂಡಿಯ ಬಾಗಿಲು ತೆರೆದು ಪೊಟ್ಟಣವನ್ನು ಒಳಗೆ ಬಿಟ್ಟರು. ಅದು ಕೆಳಗೆ ಬಡಿಯುತ್ತ ಹೋದ ಸದ್ದು ನನಗೆ ಕೇಳಿಸಿತು. ಆಂಟಿಯ ಕಿಟಕಿ ಆ ಕಿಂಡಿಯ ಪಕ್ಕದಲ್ಲೇ ಇದೆ. ಅವರ ಬಾಗಿಲು ಮಾತ್ರ ಮುಚ್ಚಿತ್ತು. ಮುಂದೆಯೂ ಮುಚ್ಚಿಯೇ ಇತ್ತು. ಲಿಫ್ಟು ತೆರೆದಾಗ ನನ್ನನ್ನು ಕಂಡರೆ ಏನೋ ಮರೆತವರಂತೆ ಹಿಂದಿರುಗುತ್ತಿದ್ದರು. ಒಮ್ಮೆ ನಾನೇ ಹೋಗಿ ಬಾಗಿಲು ಬಡಿದೆ. ಹ್ವೇ ಲಿಂಗ್ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು.

“ಅಮ್ಮ ಅಡುಗೆಮನೆಗೆ ಹೋಗುತ್ತಿಲ್ಲ. ಹೊರಗಿನಿಂದ ತಂದು ತಿನ್ನುತ್ತಿದ್ದೇವೆ” ಎಂದಳು.

“ಡಾಕ್ಟರು ಅದರಿಂದ ಅಲ್ಲ ಅಂದರು ಅಂತ ಹೇಳು.”

“ಹಾಗೇ ಅಂದರಾ?”

ನಾನು ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದೆ, ಆಗಲಿಲ್ಲ. “ಬಹಳ ಮಾಡಿ ಅದರಿಂದ ಅಲ್ಲ ಅಂದರು” ಎಂದೆ. ಹ್ವೇ ಲಿಂಗ್ ತಲೆಯಾಡಿಸಿದಳು. ಆ ‘ಬಹಳ ಮಾಡಿ’ ಅನ್ನುವುದನ್ನು ಅವಳು ತನ್ನ ಭಾಷೆಯಲ್ಲಿ ಹೇಗೆ ಹೇಳಿದಳೋ ಗೊತ್ತಿಲ್ಲ.

ಅವಳು ಇನ್ನೊಂದು ಮಾತು ಹೇಳಿದಳು. ತಾನು ಹುಟ್ಟುವ ಮೊದಲು ಅಮ್ಮನಿಗೂ ಒಂದು ಹೋಗಿತ್ತು. ಅತ್ತೆ ಆ ವಾರವೇ ಮಂಜುಗಡ್ಡೆಯಲ್ಲಿ ಕೈಯಿಟ್ಟು ಮೀನು ಕೊಯ್ಯಲು ಕಳಿಸಿದ್ದಳಂತೆ. ಚಿಕ್ಕ ತಿಂಗಳು ಎನ್ನುವುದು ಅಮ್ಮನಿಗೆ ಯಾರೂ ಮಾಡಿರಲಿಲ್ಲ. “ಅದಕ್ಕೇ ನಿನ್ನ ಬಾಗಿಲಿಗೆ ಬಂದದ್ದು. ಈಗ ‘ನಾನೇ ಕೆಡಿಸಿದೆ’ ಅನ್ನುತ್ತಾಳೆ. ನನ್ನ ಮಾತು ಕೇಳುವುದಿಲ್ಲ.”

ಆಫೀಸಿನಲ್ಲಿ ರಜೆ ಹಾಕಿ ಬೈಲಹೊಂಗಲಕ್ಕೆ ಹೋದೆ. ಅವ್ವ ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಊರಿನವರಿಗೆ “ಸುಮ್ನ ಸೂಟಿಗೆ ಬಂದಾಳ” ಎಂದಿದ್ದಳು. ಮನೆಯಲ್ಲಿ ನನಗೆ ಬೇಕಾದ್ದೆಲ್ಲ ಮಾಡಿದಳು; ಮುಳಗಾಯಿ ಪಲ್ಯ, ಮಾದಲಿ, ಗುರೆಳ್ಳ ಹಿಂಡಿ. ನನ್ನ ತಲೆ ನೋಡಿ ಕೂದಲು ಉದುರಿವೆ ಎಂದು ಎಣ್ಣೆ ಹಚ್ಚಿದಳು. ಅದರ ಬಗ್ಗೆ ಮಾತ್ರ ಒಂದು ಮಾತಿಲ್ಲ. ಒಂದು ಮಧ್ಯಾಹ್ನ ಆಕೆ ಒರಳಿನ ಮುಂದೆ ಕೂತಿದ್ದಾಗ ಕೇಳಿದೆ.

“ಅವ್ವಾ, ಅಕ್ಕಗ ಮಾಡಿದ್ದೆಲ್ಲ ಬಾಣಂತಿ ಖಾರ, ನನಗೂ ಒಂದೀಟು ಮಾಡಿಕೊಡ.”

ಅವ್ವನ ಕೈ ನಿಂತಿತು. “ಕೂಸಿಲ್ಲದ ಬಾಣಂತಿಗೆ ಖಾರ ಯಾರ ಕುಟ್ತಾರ ಮಗಳ?”

“ಅಲ್ಲಿ ಕುಟ್ತಾರ ಬೇ. ಅಲ್ಲಿ ಅದಕ್ಕೊಂದು ಹೆಸರದ.”

“ಇಲ್ಲಿ ಇಲ್ಲವಾ” ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಮಾಡಿದರ ಮನಿಗೆ ಒಳ್ಳೇದಲ್ಲ ಅಂತಾರ. ನಾ ಏನ ಮಾಡ್ಲಿ, ಹೇಳು. ನಿನಗ ಆಗಲಿ ಅಂತ ಹರಕಿ ಹೊತ್ತೀನಿ. ಖಾರ ಹ್ಯಾಂಗ ಕುಟ್ಲಿ?”

ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಆ ವಾರ ನಮ್ಮ ಕಾಕಾನ ಮಗಳ ಕುಬಸವಿತ್ತು, ಬಸುರಿಗೆ ಮಾಡುವ ಸೀಮಂತ. ಹಸಿರು ಸೀರೆ, ಬಳೆಯ ಸಪ್ಪಳ ನಮ್ಮ ಮನೆಯ ತನಕ ಕೇಳುತ್ತಿತ್ತು. ಅವ್ವ ಹೋಗುವಾಗ ನನ್ನ ಕಡೆ ನೋಡದೆ, “ನೀ ಮನ್ಯಾಗಽ ಇರು, ಬಿಸಲ ಭಾಳದ” ಅಂದಳು. ಹೊರಗೆ ಮೋಡ ಕವಿದಿತ್ತು. ನಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕೂತು, ಪುಂಗೋಲಿನ ಒಂದು ಮುಚ್ಚಿದ ಬಾಗಿಲನ್ನು ನೆನೆದೆ. ಅಲ್ಲಿ ಬಾಗಿಲು ಮುಚ್ಚಿತ್ತು, ಇಲ್ಲಿ ಬಾಯಿ ಮುಚ್ಚಿತ್ತು. ಎರಡರ ಹಿಂದೆಯೂ ನನ್ನ ಮೇಲೆ ಜೀವ ಇಟ್ಟವರೇ ಇದ್ದರು. ಯಾರಿಂದಲೂ ನನಗಾಗಿ ಏನೂ ಮಾಡಲಾಗುತ್ತಿರಲಿಲ್ಲ, ನನ್ನಿಂದ ಅವರಿಗೂ.

ಸಿಂಗಪುರಕ್ಕೆ ಮರಳಿದ ಮೊದಲ ಭಾನುವಾರ ಹ್ವೇ ಲಿಂಗ್ ಬಂದಳು. ತಾಯಿ ಒಂದು ಕೆಲಸ ಮಾಡಿದ್ದಾಳೆ, ನಮಗೆ ತಪ್ಪು ಅನ್ನಿಸಿದರೆ ತೆಗೆಸುತ್ತಾಳೆ ಎಂದಳು. ಅವರು ಹೋಗುವ ಗುಡಿಯಲ್ಲಿ ಹುಟ್ಟದೆ ಹೋದ ಕೂಸುಗಳಿಗೂ ಒಂದು ಚೀಟಿ ಬರೆಸಿ ಇಡುತ್ತಾರೆ. ತಿಥಿಗಳಲ್ಲಿ ಊದಿನಕಡ್ಡಿ ಹಚ್ಚುತ್ತಾರೆ. ತಾಯಿ ನನ್ನ ಎರಡು ಕೂಸುಗಳಿಗೆ ಬರೆಸಿದ್ದಾಳೆ. ಬರೆಯುವವರು ಮನೆತನದ ಹೆಸರು ಕೇಳಿದರಂತೆ. ನಮ್ಮ ಅಡ್ಡಹೆಸರು ಆಕೆಗೆ ನಾಲಿಗೆಗೆ ಬರಲಿಲ್ಲ. ಅದಕ್ಕೆ ತನ್ನ ಮನೆತನದ ಹೆಸರನ್ನೇ, ಲಿಮ್ ಎಂದು, ಬರೆಸಿದ್ದಾಳೆ.

ನಾನು ವೀರೇಶರ ಕಡೆ ನೋಡಿದೆ. ನಮ್ಮಲ್ಲಿ ಕೂಸು ಹೊಟ್ಟೆಯಲ್ಲಿ ಬೆಳೆದ ಮೇಲೆ ಅದರ ಪಾಲಿನ ಲಿಂಗವನ್ನು ತಾಯಿಗೇ ಕಟ್ಟುತ್ತಾರೆ; ಅಲ್ಲಿಯವರೆಗೆ ಬದುಕದ ಕೂಸು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅವರು ಬೈಯುತ್ತಾರೆ ಅಂದುಕೊಂಡೆ. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದವರು ಎದ್ದು, “ಎಲ್ಲದ ಆ ಗುಡಿ?” ಎಂದರು.

ಎಂಆರ್‌ಟಿ ರೈಲಿನಲ್ಲಿ ಆಂಟಿ ನಮ್ಮಿಂದ ದೂರ ಕೂತಿದ್ದರು. ಗುಡಿಯ ಪಕ್ಕದ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಳದಿ ಚೀಟಿಗಳ ಸಾಲು. ಆಂಟಿ ಅಕ್ಕಪಕ್ಕದ ಎರಡರ ಮುಂದೆ ನಿಂತರು. ಅವುಗಳಲ್ಲಿ ಏನಿದೆಯೆಂದು ನನಗೆ ಓದಲು ಬರಲಿಲ್ಲ. ಹ್ವೇ ಲಿಂಗ್ ಬೆರಳಿಟ್ಟು ತೋರಿಸಿದಳು: ಇದು ಲಿಮ್, ಇದು ಕೂಸು. ವೀರೇಶ ಬಹಳ ಹೊತ್ತು ನೋಡಿದರು. ಆಮೇಲೆ ಆಂಟಿಯ ಕೈಯಿಂದ ಊದಿನಕಡ್ಡಿ ಇಸಿದುಕೊಂಡು, ಹೇಗೆ ಹಿಡಿಯಬೇಕೆಂದು ತಿಳಿಯದೆ, ನಮ್ಮ ದೇವರಿಗೆ ಬೆಳಗುವ ಹಾಗೆ ಮೂರು ಸುತ್ತು ಬೆಳಗಿದರು. ಆಂಟಿ ತಿದ್ದಲಿಲ್ಲ. ನಾನು ಅವರ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಅವರಿಗೆ ಹೇಳಬೇಕಾದ ಮಾತು ಇವತ್ತಿಗೂ ನನ್ನ ಬಳಿ ಯಾವ ಭಾಷೆಯಲ್ಲೂ ಇಲ್ಲ. ಆಮೇಲಿನಿಂದ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಹಿಂದಿರುಗುವುದಿಲ್ಲ, ಊಟವಾಯಿತೇ ಎಂದು ಕೇಳುತ್ತಾರೆ. ಸಾರು ಮಾತ್ರ ಮತ್ತೆ ಬಂದಿಲ್ಲ.

ಆ ಸಂಜೆ ಅವ್ವ ಫೋನು ಮಾಡಿದಳು.

“ಎಲ್ಲಿ ಹೋಗಿದ್ರಿ, ಆಗಿಂದ ಹಚ್ಚಾಕತ್ತೀನಿ.”

“ಗುಡಿಗೆ ಹೋಗಿದ್ವಿ ಬೇ.”

“ಚೊಲೋ ಆತು. ಯಾವ ಗುಡಿ? ನಮ್ಮವರದ?”

ವೀರೇಶ ನನ್ನ ಮುಖವನ್ನೇ ನೋಡುತ್ತಿದ್ದರು. ಗೋಡೆಯ ಆಚೆ ಆಂಟಿಯ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದ ಸದ್ದಾಯಿತು.

“ಹೂಂ ಅವ್ವಾ” ಅಂದೆ. “ನಮ್ಮವರದಽ.”